ಖಾನೆ ಖಾಲಿಯಿದ್ದ ಕಮಲತ್ತೆ

ನನಗೊಂದು ಚಟವಿದೆ. ಎಲೆಯಡಿಕೆಯಂಥ ಮರ್ಯಾದಸ್ಥ ಚಟವಲ್ಲ. ಕಂಡದ್ದನ್ನೆಲ್ಲ ಅಡ್ಡಗೆರೆ, ಉದ್ದಗೆರೆ ಎಳೆದು ಖಾನೆಗಳಲ್ಲಿ ತುಂಬಿಸುವ ಚಟ. ಮಿಜಾರಿನ ಕಡೆಯ ಕಾಲೇಜೊಂದರಲ್ಲಿ ಡೇಟಾಬೇಸ್ ಪಾಠ ಮಾಡುತ್ತಲೇ ತಲೆ ನರೆಸಿಕೊಂಡವನು ನಾನು. ನನ್ನ ಜೀನಸಿನ ಪಟ್ಟಿಯಲ್ಲೂ ಕ್ರಮಸಂಖ್ಯೆ, ವಿವರ, ಷರಾ ಎಂಬ ಖಾನೆಗಳಿರುತ್ತವೆ. ಒಮ್ಮೆ ಅರಸಿನಹುಡಿಯ ಮುಂದಿನ ಷರಾದಲ್ಲಿ ಹೆಂಡತಿ ‘ಪಟ್ಟಿ ಸಾಕು, ಅಂಗಡಿ ಮುಚ್ಚುವ ಮೊದಲು ಹೊರಡಿ’ ಎಂದು ಬರೆದಿದ್ದಳು. ಷರಾದ ಖಾನೆಯನ್ನು ಅಷ್ಟು ಸರಿಯಾಗಿ ಬಳಸಿದವರನ್ನು ನಾನು ಬೇರೆ ಕಂಡಿಲ್ಲ.

ಈ ಚಟದ ಖ್ಯಾತಿಯಿಂದಲೇ ನಮ್ಮ ಕುಟುಂಬಗಳ ಸಂಘದವರು ಒಂದು ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸುತ್ತಮುತ್ತ ಹರಡಿಕೊಂಡ ಕೆಲವು ಕುಟುಂಬಗಳ ಹಳೆಯ ಪುಸ್ತಕಗಳನ್ನು ಯಾರೋ ಪುಣ್ಯಾತ್ಮರು ಕಂಪ್ಯೂಟರಿಗೆ ಏರಿಸಿ ಮೂರು ಟೇಬಲ್ ಮಾಡಿಟ್ಟಿದ್ದರು. ಒಂದರಲ್ಲಿ ಜನ, ಇನ್ನೊಂದರಲ್ಲಿ ಮನೆಗಳು. ಮೂರನೆಯದರಲ್ಲಿ ಬರೀ ಸಂಖ್ಯೆಗಳ ಜೋಡಿ. ಯಾರಾದರೂ ತೀರಿಕೊಂಡಾಗ ಸೂತಕ ಆಚರಿಸಬೇಕಾದ ಯಾವ ಯಾವ ಮನೆಗೆ ಸುದ್ದಿ ಮುಟ್ಟಿಸಲಾಯಿತು ಎಂಬ ಲೆಕ್ಕ ಅದು. ಇದನ್ನೆಲ್ಲ ಗ್ರಾಫ್ ಡೇಟಾಬೇಸಿಗೆ ಹಾಕಿ, ಯಾರು ಯಾರಿಗೆ ಏನಾಗಬೇಕು ಎಂದು ಪರದೆಯ ಮೇಲೆ ತೋರಿಸಬೇಕು ಎಂಬುದು ಸಂಘದ ಆಸೆ.

ಗ್ರಾಫ್ ಎಂದರೆ ಹೆದರಬೇಕಾದ್ದಿಲ್ಲ. ಟೇಬಲಿನಲ್ಲಿ ಮನುಷ್ಯ ಒಂದು ಸಾಲು. ಗ್ರಾಫಿನಲ್ಲಿ ಅವನೊಂದು ಬೊಟ್ಟು. ಅವನಿಗೂ ಮತ್ತೊಬ್ಬರಿಗೂ ಇರುವ ಸಂಬಂಧ ಒಂದು ಗೆರೆ. ಟೇಬಲಿನಲ್ಲಿ ಸಂಬಂಧ ಬೇಕಾದರೆ ನಾವು ಕೂತು ಹೊಂದಿಸಬೇಕು. ಗ್ರಾಫಿನಲ್ಲಿ ಅದು ಎಳೆದೇ ಇರುತ್ತದೆ. ಇದೇನೋ ಹೊಸ ವಿದ್ಯೆ ಎಂದು ನಾನು ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಆಮೇಲೆ ಒಂದು ದಿನ ಜಾಗದ ಹಳೆಯ ದಸ್ತಾವೇಜು ಓದುವಾಗ ನಾಚಿಕೆಯಾಯಿತು. ಅದರಲ್ಲಿ ಜಾಗ ಹೇಗಿದೆ ಎಂಬುದಕ್ಕಿಂತ, ಮೂಡಕ್ಕೆ ಇಂಥವರ ಗದ್ದೆ, ತೆಂಕಕ್ಕೆ ಬಂಡಿದಾರಿ, ಪಡುವಕ್ಕೆ ತೋಡು, ಬಡಗಕ್ಕೆ ಇಂಥವರ ಹಿತ್ತಿಲು ಎಂಬ ಚಕ್ಕುಬಂದಿಯೇ ಮುಖ್ಯ. ಒಂದು ವಸ್ತುವನ್ನು ಅದರ ನೆರೆಕರೆಯಿಂದ ಗುರುತಿಸಬೇಕು ಎಂದು ನಮ್ಮ ದಸ್ತಾವೇಜು ಬರೆಯುವವರಿಗೆ ಯಾವ ಕಾಲೇಜೂ ಹೇಳಿಕೊಟ್ಟಿರಲಿಲ್ಲ.

ಮನುಷ್ಯರ ವಿಷಯದಲ್ಲೂ ನಮ್ಮಲ್ಲಿ ಹಾಗೆಯೇ. ಬಸ್ಸಿನಲ್ಲಿ ಪಕ್ಕ ಕೂತವರು ಹೆಸರು ಕೇಳುವುದು ಕೊನೆಗೆ. ಮೊದಲು ಊರು, ಆಮೇಲೆ ಮನೆ, ಆಮೇಲೆ ಬರಿ. ಬರಿ ಎಂದರೆ ತಾಯಿಯ ಕಡೆಯಿಂದ ಬರುವ ನಮ್ಮ ಬಳ್ಳಿಯ ಹೆಸರು. ತಂದೆಯದು ಮಕ್ಕಳಿಗೆ ದಾಟುವುದಿಲ್ಲ, ತಾಯಿಯದೇ ದಾಟುವುದು. ಕುಟುಂಬದ ಮನೆ, ಸೂತಕ, ಎಲ್ಲವೂ ಈ ಬಳ್ಳಿ ಹಿಡಿದೇ ಬರುತ್ತವೆ. ಬರಿ ಇಲ್ಲದ ಮನುಷ್ಯ ಇರುತ್ತಾನೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹಾಗಾಗಿ ಜನರನ್ನು ಗ್ರಾಫಿಗೆ ಸಾಗಿಸುವಾಗ, ಬರಿಯ ಖಾನೆ ಖಾಲಿಯಿರುವ ಸಾಲುಗಳನ್ನು ಬಿಟ್ಟುಬಿಡುವಂತೆ ಯಂತ್ರಕ್ಕೆ ಆಜ್ಞೆ ಕೊಟ್ಟೆ. ಕಸ ಗುಡಿಸಿದ ಸಮಾಧಾನವೂ ಆಯಿತು ಎಂದರೆ ನೀವು ನನ್ನನ್ನು ಕ್ಷಮಿಸಬೇಕು.

ಬಂಟ್ವಾಳದಲ್ಲಿ ಸಂಘದ ಸಭೆ. ಪರದೆಯ ಮೇಲೆ ಬೊಟ್ಟುಗಳು ಮಿನುಗಿದವು, ಜನ ತಂತಮ್ಮ ಬೊಟ್ಟು ಹುಡುಕಿ ಕೈತಟ್ಟಿದರು. ನಾನು ಬೀಗುತ್ತ ಚಾ ಕುಡಿಯುತ್ತಿರುವಾಗ ಕಮಲತ್ತೆ ಹತ್ತಿರ ಬಂದರು. ಅವರು ನನ್ನ ಸೋದರಮಾವನ ಹೆಂಡತಿ. ಚಾರ್ಮಾಡಿಯಲ್ಲಿ, ಘಾಟಿ ಹತ್ತುವ ಮೊದಲು ಸಿಗುವ ಸಣ್ಣ ಹೋಟೆಲು ಇವರದೇ. ಅತ್ತೆಯ ಗೋಳಿಬಜೆ ತಿನ್ನದೆ ಘಾಟಿ ಹತ್ತಿದವರಿಗೆ ವಾಂತಿಯಾಗುತ್ತದೆ ಎಂದು ಮಾವ ಪ್ರಚಾರ ಮಾಡುತ್ತಾರೆ.

“ಅಳಿಯ, ಮಾವ ಸಿಕ್ಕಿದರು. ನಾನೆಲ್ಲಿದ್ದೇನೆ ಅದರಲ್ಲಿ?”

ಮಾವನ ಬೊಟ್ಟಿನ ಪಕ್ಕ ಯಾರೂ ಇರಲಿಲ್ಲ. ನಲವತ್ತೈದು ವರ್ಷ ಸಂಸಾರ ಮಾಡಿದ ಗಂಡಸನ್ನು ನಾನು ಬ್ರಹ್ಮಚಾರಿ ಮಾಡಿಟ್ಟಿದ್ದೆ. ತಡವರಿಸಿ, “ನಿಮ್ಮ ಬರಿಯ ಖಾನೆ ಖಾಲಿ ಉಂಟು ಅತ್ತೆ, ಅದಕ್ಕೆ...” ಎಂದೆ.

“ಅದು ಯಾವಾಗಲೂ ಖಾಲಿಯೇ ಮಾರಾಯ,” ಎಂದು ನಕ್ಕು ಲೋಟ ಇಡಲು ಹೋದರು. ಆ ನಗುವನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

ಅತ್ತೆಯ ಕಥೆ ಗೊತ್ತಿದ್ದೂ ನಾನು ಮರೆತಿದ್ದೆ. ಅವರು ಹುಟ್ಟಿ ಹತ್ತು ದಿನಕ್ಕೆ ತಾಯಿ ತೀರಿಹೋದರು. ತಂದೆ ದೂಮಣ್ಣನಿಗೂ ಹೆಂಡತಿಯ ಕಡೆಯವರಿಗೂ ಏನೋ ಮಾತು ಬಂದು, ಆತ ಕೂಸನ್ನು ಚಾರ್ಮಾಡಿಯ ತಂಗಿಯ ಮಡಿಲಿಗೆ ಹಾಕಿ, ಹೆಂಡತಿಯ ಮನೆಯ ಬಗ್ಗೆ ಏನನ್ನೂ ಹೇಳದೆ ತಾನೂ ಬೇಗ ತೀರಿಹೋದ. ತಾಯಿಯ ಹೆಸರು ಅಪ್ಪಿ ಎಂಬುದಷ್ಟೇ ಅತ್ತೆಗೆ ಗೊತ್ತು. ಅಪ್ಪಿಯರಿಗೆ ನಮ್ಮಲ್ಲಿ ಬರವಿಲ್ಲ. ತಾಯಿಯ ಮನೆ ತಿಳಿಯದೆ ಅವರಿಗೆ ಬರಿಯಿಲ್ಲ, ಕುಟುಂಬವಿಲ್ಲ, ಆದ್ದರಿಂದ ಯಾರು ಸತ್ತರೂ ಸೂತಕವಿಲ್ಲ. ಗಂಡನ ಕಡೆಯದು ಅವರಿಗೆ ತಾಗುವುದಿಲ್ಲ, ತಂದೆಯ ಕಡೆಯದೂ ಇಲ್ಲ. ನಮ್ಮ ಮನೆಗಳ ಮದುವೆಗಳಲ್ಲಿ ಆರತಿ ಹಿಡಿಯಬೇಕಾದವರಿಗೆ ಹಿಂದಿನ ದಿನ ಸೂತಕ ಬಂದರೆ, “ಕಮಲಕ್ಕ ಇದ್ದಾರಲ್ಲ” ಎಂದು ಎಲ್ಲರೂ ನಿರಾಳವಾಗುತ್ತಿದ್ದರು. ಅವರೂ ನಗುತ್ತಲೇ ಆರತಿ ಹಿಡಿಯುತ್ತಿದ್ದರು. ನಮಗೆ ಅನುಕೂಲವಾದದ್ದು ಅವರಿಗೆ ಏನಾಗಿತ್ತೆಂದು ಯಾರೂ ಕೇಳಲಿಲ್ಲ.

ಮನೆಗೆ ಬಂದವನೇ ಎಲ್ಲವನ್ನೂ ಅಳಿಸಿ ಮೊದಲಿನಿಂದ ಸಾಗಿಸಿದೆ. ಈ ಸಲ ಯಾರನ್ನೂ ಬಿಡಲಿಲ್ಲ. ಖಾನೆ ಖಾಲಿಯಿದ್ದರೆ ಖಾಲಿಯೇ ಬರಲಿ. ಸುದ್ದಿ ಮುಟ್ಟಿಸಿದ ಆ ಮೂರನೆಯ ಟೇಬಲನ್ನು ಗೆರೆಗಳಾಗಿ ಬದಲಿಸಿದೆ; ಗ್ರಾಫಿನೊಳಗೆ ಹೋದ ಮೇಲೆ ಆ ಟೇಬಲೇ ಇರುವುದಿಲ್ಲ, ಬರೀ ಗೆರೆಗಳು ಉಳಿಯುತ್ತವೆ. ಆಮೇಲೆ ಕಮಲತ್ತೆಯ ಬೊಟ್ಟಿನ ಮೇಲೆ ಒತ್ತಿದೆ.

ಬೊಟ್ಟಿನಿಂದ ಒಂದು ಗೆರೆ ಮಾವನಿಗೆ ಹೋಯಿತು. ಇನ್ನೊಂದು ತಂದೆ ದೂಮಣ್ಣನಿಗೆ. ದೂಮಣ್ಣನಿಂದ ಮಿಜಾರಿನ ಒಂದು ಮನೆಗೆ. ಆ ಮನೆಯಲ್ಲಿ ತೀರಿಕೊಂಡವರ ಪೈಕಿ ಒಬ್ಬಳು ಅಪ್ಪಿ. ಬರಿ ಖಾಲಿ, ತವರು ಖಾಲಿ, ಷರಾದಲ್ಲಿ ಮಾತ್ರ ‘ಹೆಣ್ಣು ಕೂಸು, ಹತ್ತು ದಿನ’. ಆ ಅಪ್ಪಿಯ ಬೊಟ್ಟನ್ನು ಒತ್ತಿದಾಗ ಹನ್ನೊಂದು ಗೆರೆಗಳು ಒಟ್ಟಿಗೆ ಎದ್ದು ಹನ್ನೊಂದು ಮನೆಗಳನ್ನು ಮುಟ್ಟಿದವು. ಆ ಹನ್ನೊಂದೂ ಒಂದೇ ಕುಟುಂಬದವು. ಅವುಗಳ ಮೂಲಮನೆ ನರಿಕೊಂಬಿನಲ್ಲಿ. ಅಪ್ಪಿಯ ಸೂತಕ ಅವರಿಗೆ ಬಂದಿದ್ದರೆ, ಅಪ್ಪಿಯ ತವರೂ ಅದೇ.

ಇಷ್ಟು ವರ್ಷ ಪಾಠ ಹೇಳಿದ ವಿದ್ಯೆಯ ಮುಂದೆ ಮೊದಲ ಸಲ ಕೈಮುಗಿಯುವ ಮನಸ್ಸಾಯಿತು. ಆದರೆ ಯಾರಿಗೆ ಮುಗಿಯುವುದು? ಯಂತ್ರ ಹೊಸದಾಗಿ ಏನನ್ನೂ ಕಂಡುಹಿಡಿದಿರಲಿಲ್ಲ. ಬಾಣಂತಿ ಸತ್ತ ದಿನ ಯಾರೋ ಹೊಳೆ ದಾಟಿ, ಗುಡ್ಡ ಹತ್ತಿ, ಹನ್ನೊಂದು ಮನೆಯ ಅಂಗಳದಲ್ಲಿ ನಿಂತು ‘ಅಪ್ಪಿ ಹೋದಳು’ ಎಂದು ಹೇಳಿ ಬಂದಿದ್ದರು. ಇನ್ನಾರೋ ಅದನ್ನು ಬರೆದಿಟ್ಟಿದ್ದರು. ಆ ನಡೆದವರ ಹೆಸರು ಯಾವ ಖಾನೆಯಲ್ಲೂ ಇಲ್ಲ. ಅವರು ನಡೆದ ದಾರಿ ಮಾತ್ರ ನನ್ನ ಪರದೆಯ ಮೇಲೆ ಬೆಳಗುತ್ತಿತ್ತು.

ನರಿಕೊಂಬಿಗೆ ಅತ್ತೆ, ಮಾವನನ್ನು ನಾನೇ ಕರೆದುಕೊಂಡು ಹೋದೆ. ಸಾಕ್ಷ್ಯಕ್ಕೆಂದು ಪ್ರಿಂಟು ತೆಗೆದ ಹಾಳೆಗಳ ಕಟ್ಟು ನನ್ನ ಕೈಯಲ್ಲಿತ್ತು. ಆ ಮನೆಯ ಹಿರಿಯಾಕೆ ಅದನ್ನು ಮುಟ್ಟಲೂ ಇಲ್ಲ. ಅತ್ತೆಯ ಗಲ್ಲ ಹಿಡಿದು ಬೆಳಕಿನ ಕಡೆಗೆ ತಿರುಗಿಸಿ, “ಅಪ್ಪಿ ಚಿಕ್ಕಮ್ಮನ ಕೂಸು ಉಳಿಯಲಿಲ್ಲ ಅಂತ ಹೇಳಿದ್ದರಲ್ಲ ನಮಗೆ,” ಎಂದರು. ಆಮೇಲೆ ಇಬ್ಬರೂ ಅತ್ತರು. ನಾನು ಹಾಳೆಗಳನ್ನು ಮಡಚಿ ಕಂಕುಳಲ್ಲಿಟ್ಟುಕೊಂಡೆ.

ಕೆಲವು ತಿಂಗಳು ಕಳೆದು ನನ್ನ ತಂಗಿಯ ಮಗಳ ಮದುವೆ ಬಂತು. ಹಿಂದಿನ ದಿನ ಕಮಲತ್ತೆಯ ಫೋನು.

“ಅಳಿಯ, ನಾಳೆ ಮಾವ ಒಬ್ಬರೇ ಬರ್ತಾರೆ. ಆರತಿಗೆ ಬೇರೆಯವರನ್ನು ನೋಡಿಕೊಳ್ಳಿ.”

“ಯಾಕತ್ತೆ, ಹುಷಾರಿಲ್ವಾ?”

“ಹುಷಾರುಂಟು. ನರಿಕೊಂಬಿನಿಂದ ಸುದ್ದಿ ಬಂತು, ದೊಡ್ಡಮ್ಮನ ಮಗ ಒಬ್ಬರು ಹೋದರಂತೆ. ಒಮ್ಮೆಯೇ ನೋಡಿದ್ದು ನಾನು ಅವರನ್ನು. ಪಾಪ, ಒಳ್ಳೆಯ ಜನ.” ಆಮೇಲೆ ಒಂದೊಂದೇ ಅಕ್ಷರವನ್ನು ಬಾಯ್ತುಂಬ ಹೇಳಿದರು: “ನನಗೆ ಸೂತಕ ಉಂಟು ಮಾರಾಯ.”

ಸಾವಿನ ಸುದ್ದಿ ಕೇಳಿದಾಗ ಏನು ಹೇಳಬೇಕೆಂದು ನನಗೆ ಗೊತ್ತು. ಅವತ್ತು ಮಾತ್ರ, “ಆಯ್ತತ್ತೆ, ನೀವು ಬರಲೇಬೇಡಿ,” ಎಂದು ಸಂತೋಷದಿಂದ ಹೇಳಿಬಿಟ್ಟೆ.