ಟವೆಲ್ಲಿನ ಕೆಳಗೆ ಮಡಚಿದ ಬೆರಳು

ದೇವದುರ್ಗದ ದನದ ಸಂತೆಯಲ್ಲಿ ಬಹಳ ವರ್ಷ ದಲ್ಲಾಳಿಯಾಗಿದ್ದೆ. ಅಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಾರುವವನ ಕೈ, ದಲ್ಲಾಳಿಯ ಕೈ ಎರಡರ ಮೇಲೂ ಒಂದು ಟವೆಲ್. ಅದರ ಕೆಳಗೆ ಬೆರಳು ಹಿಡಿದು, ಬಿಟ್ಟು, ಮಡಚಿ ವ್ಯಾಪಾರ ಕುದುರಿಸಬೇಕು. ಬೆರಳಿಗೆ ಇಷ್ಟೆಂದು ಲೆಕ್ಕ, ಒಂದನ್ನು ಮಡಚಿದರೆ ಅಷ್ಟು ದರ ಇಳಿದಂತೆ. ಮುಖ ಮಾತ್ರ ಇಬ್ಬರದೂ ಬೇರೆ ಬೇರೆ ಕಡೆ.

ಆ ಕೆಲಸ ಬಿಟ್ಟು ರಾಯಚೂರಿನಲ್ಲಿ ಅಂಗಡಿ ಇಟ್ಟ ಮೇಲೆ ಕಥೆ ಬರೆಯುವ ಹುಚ್ಚು ಹತ್ತಿತು. ಬಾಗಲವಾಡದ ಒಬ್ಬ ರೈತನ ಎತ್ತಿನ ಜೋಡಿಯನ್ನು ಹಿಂದೆ ನಾನೇ ಮಾರಿಸಿದ್ದೆ. ಅದನ್ನೇ ಬರೆದೆ, ಆದರೆ ಅವನ ಬಾಯಿಂದ, ‘ನಾನು’ ಎಂದು. ರೈತನ ‘ನಾನು’ ಬೇಗ ಬಿಕರಿಯಾಗುತ್ತದೆ ಎಂಬುದು ನನ್ನ ವ್ಯಾಪಾರಬುದ್ಧಿ. ಕಥೆಯಲ್ಲಿ ಅವನು ಹೇಳುತ್ತಾನೆ: ‘ದಲ್ಲಾಳಿಯ ಕಣ್ಣಲ್ಲಿ ಕರುಣೆ ಕಂಡೆ. ಮನಸಾರೆ ಒಪ್ಪಿಕೊಂಡೆ.’

ಮಾನ್ವಿಯ ಒಂದು ಸಭೆಯಲ್ಲಿ ಅದನ್ನು ಓದಿದೆ. ಚಪ್ಪಾಳೆ ಬಿತ್ತು. ಸಭೆಗೆ ಬಂದಿದ್ದ ಪ್ರಕಾಶಕರೊಬ್ಬರು ಅಲ್ಲಿಯೇ, ನಮ್ಮ ಕಥಾಸಂಕಲನಕ್ಕೆ ಹಾಕೋಣ ಎಂದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಅದೇ ರೈತ ಎದ್ದ.

“ಸಾವ್ಕಾರ್ರ, ಕತಿಯಾಗಿನ ‘ನಾ’ ಯಾರ್ರೀ?”

“ನೀನ ಅಲ್ಲೇನು ಯಪ್ಪಾ,” ಎಂದೆ, ಶಾಲು ಹೊದಿಸಿದವನಂತೆ.

“ನಿಮ್ಮ ಕಣ್ಣು ನಾ ಯಾವಾಗ ನೋಡಿದ್ನಿ? ನೀವು ಬಸ್ಸಿನ ಕಡಿ ನೋಡಾಕತ್ತಿದ್ರಿ, ನಾ ಎತ್ತಿನ ಕಡಿ. ನಾಕು ಬೆರಳು ಕೊಟ್ರ ಒಂದನ್ನ ಮಡಚಿ ಒತ್ತಿ ಹಿಡದ್ರಿ. ಉಗುರು ನಟ್ಟಿತ್ತು. ಕೈ ಕಿತ್ಕೊಂಡ್ರ ಮಂದಿ ಎದುರಿಗೆ ಜಗಳ ತಗದಂಗ ಆಗ್ತದಂತ ಸುಮ್ಮನಾದ್ನಿ. ಒಪ್ಪಿದ್ನಿ ಅಂತ ನನ್ನ ಬಾಯಾಗ ಹಾಕಬ್ಯಾಡ್ರಿ. ಅಚ್ಚಾತಂದ್ರ ನನ್ನ ಮಕ್ಕಳೂ ಅದನ್ನ ನಂಬ್ತಾರ.”

ಅಲ್ಲಿಯೂ ನಾನು ಚೌಕಾಸಿಗಿಳಿದೆ. “ಊರಿನ ಹೆಸರು ತಗೀತೀನಿ.”

“ಬ್ಯಾಡ.”

“ಎತ್ತಿನ ಬಣ್ಣ ಬದಲು ಮಾಡ್ತೀನಿ.”

“ಎತ್ತಿಗೇನೂ ಸಿಟ್ಟಿಲ್ರಿ. ಸಿಟ್ಟು ನನಗದ.” ಸಭೆ ನಕ್ಕಿತು.

ಮರಳುವ ಬಸ್ಸು ರಾಯಚೂರು ಮುಟ್ಟುವ ಹೊತ್ತಿಗೆ ಕಥೆಯನ್ನು ಮತ್ತೊಮ್ಮೆ ಓದಿ ಮುಗಿಸಿದ್ದೆ. ಅವನ ‘ನಾನು’ವಿನೊಳಗೆ ಕುಳಿತು ನನ್ನ ಕೊರಳಿಗೆ ನಾನೇ ಹಾರ ಹಾಕಿಕೊಂಡಿದ್ದೆ. ಸಂತೆಯಲ್ಲಿ ಒಂದು ಬೆರಳು ಕದ್ದಿದ್ದೆ, ಕಥೆಯಲ್ಲಿ ನಾಲಿಗೆಯನ್ನೇ. ಎಂಜಲು ತಟ್ಟೆಗೆ ಬೆಳ್ಳಿ ಕಾಗದ ಸುತ್ತಿ ಹಂಚಿದಂತಿತ್ತು ಆ ಬರಹ.

ಬರೆಯುವವರಿಗೆ ಒಂದು ಮಾತು ಹೇಳುತ್ತೇನೆ, ಪುಕ್ಕಟೆ. ಇನ್ನೊಬ್ಬರ ‘ನಾನು’ ತೆಗೆದುಕೊಳ್ಳುವ ಮೊದಲು, ಆ ಹೊತ್ತಿನಲ್ಲಿ ಅವರು ಯಾವ ಕಡೆ ನೋಡುತ್ತಿದ್ದರು ಎಂದಾದರೂ ಕೇಳಿ. ಕೇಳುವ ಧೈರ್ಯವಿಲ್ಲವೇ, ನಿಮ್ಮ ಕಣ್ಣಿಗೆ ಕಂಡಷ್ಟೇ ಬರೆಯಿರಿ.

ನಾನು ಹಾಗೆಯೇ, ದಲ್ಲಾಳಿಯ ‘ನಾನು’ವಿನಲ್ಲಿ ತಿದ್ದಿದೆ: ‘ಅವನ ನಾಲ್ಕನೆಯ ಬೆರಳನ್ನು ಮಡಚಿ ಹಿಡಿದೆ.’

“ಮೊದಲಿನದ ಛಲೋ ಇತ್ತಲ್ರೀ,” ಎಂದರು ಪ್ರಕಾಶಕರು. “ಇದನ್ನ ಓದಿದ್ರ ನಿಮ್ಮ ಮ್ಯಾಲ ಹೇಸಿಗಿ ಬರ್ತದ.”

“ಬರ್ಲಿ,” ಎಂದೆ.

ಬಾಗಲವಾಡಕ್ಕೆ ಹೋಗಿ ಆ ರೈತನ ಮನೆಯ ಕಟ್ಟೆಯ ಮೇಲೆ ಕುಳಿತು ಓದಿ ಹೇಳಿದೆ. ಪೂರ್ತಿ ಕೇಳಿದ.

“ನಾ ಒಪ್ಪಿದ್ನೋ ಇಲ್ಲೋ ಅನ್ನೂದು ಇದರಾಗ ಇಲ್ಲಲ್ಲ?”

“ಅವತ್ತು ನನಗ ಗೊತ್ತಿರ್ಲಿಲ್ಲ ಯಪ್ಪಾ. ನಾ ಕೇಳ್ಲೂ ಇಲ್ಲ.”

“ಹಾಂ. ಇದನ್ನ ಹಾಕ್ರಿ,” ಎಂದು ಎದ್ದು ಒಳಗೆ ಹೋದ. ಚಹಾ ಕುಡಿಯಿರಿ ಎನ್ನಲಿಲ್ಲ.