ಕಣ್ಣೆದುರಿಗೇ ಅಳಿಸುವ ಚಿತ್ರಲಿಂಗಪ್ಪ

ಹೊಸದುರ್ಗದ ಸುತ್ತಲ ಹಳ್ಳಿಯವರು ಗಂಡಿನ ಕಡೆಯವರಿಗೆ ಕೊಡುವ ಹುಡುಗಿಯ ಫೋಟೋಕ್ಕೆ ಚಿತ್ರಲಿಂಗಪ್ಪನವರ ಸ್ಟುಡಿಯೋವನ್ನೇ ಹುಡುಕಿಕೊಂಡು ಬರುತ್ತಾರೆ. ಫೋಟೋ ಅಷ್ಟು ಚೆನ್ನಾಗಿ ಬರುತ್ತದೆಂದಲ್ಲ. ಗಂಡು ಗೊತ್ತಾದ ಕೂಡಲೇ ಹುಡುಗಿಯ ಮನೆಯವರನ್ನು ಕರೆಸಿ, ಅವರ ಕಣ್ಣೆದುರಿಗೇ ಫೋಟೋ ಅಳಿಸಿ, ಕಂಪ್ಯೂಟರಿನ ರಿಸೈಕಲ್ ಬಿನ್ನನ್ನೂ ತೆರೆದು, ಅದರಲ್ಲೂ ಉಳಿದಿಲ್ಲವೆಂದು ತೋರಿಸುವುದು ಅವರ ಪದ್ಧತಿ. "ಬೆಳ್ಳಗಿರೋದೆಲ್ಲ ಹಾಲಲ್ಲ" ಎನ್ನುತ್ತಿರುತ್ತಾರೆ. ಪಕ್ಕದ ಬಳೆ ಅಂಗಡಿಯವಳು ನಾನು. ನಾನು ಕೊಟ್ಟ ಟೀಯನ್ನೂ ಮೂಸಿ ನೋಡಿಯೇ ಕುಡಿಯುವ ಮಹಾನುಭಾವ.

ಇಂಥವರ ಕಂಪ್ಯೂಟರಿಗೆ ಹೋದ ತಿಂಗಳು ಒಂದು ಚಾಳಿ ಶುರುವಾಯಿತು. ಇವರು ಆಲ್ಬಂ ಮಾಡುವ ಆ್ಯಪ್ ತೆರೆದು ಕೂತರೆ ಸದ್ದಿಲ್ಲ. ಮುಚ್ಚಿ ಹೊರಗೆ ಬಂದರೆ ಫ್ಯಾನ್ ಗರ್ರೆಂದು ತಿರುಗುತ್ತಿತ್ತು. ಓಡಿಹೋಗಿ ಮತ್ತೆ ಆ್ಯಪ್ ತೆರೆದರೆ ಗಪ್‌ಚುಪ್. ಗೋಡೆಯ ಈಚೆ ಕೂತ ನನಗೂ ಕೇಳುತ್ತಿತ್ತು.

"ನೋಡ್ರಿ ಚಂದ್ರಕ್ಕ, ನಾನು ಬಂದ್ರೆ ಸುಮ್ಕಾಗ್ತೈತೆ. ಕಳ್ಳತನ ಅಲ್ದೆ ಇನ್ನೇನು? ಹೆಣ್ಮಕ್ಳ ಫೋಟೋ ಹೊರಗೆ ಹೋದ್ರೆ ನಾನು ಊರಾಗೆ ಮುಖ ಎತ್ತಂಗಿಲ್ಲ."

ನನಗೂ ಭಯವಾಯಿತು. ನನ್ನ ತಂಗಿಯ ಮಗಳ ಫೋಟೋವೂ ಅದರಲ್ಲಿತ್ತು.

ಅನುಮಾನ ಹೋಗಿ ನಿಂತದ್ದು ರಮ್ಯಾಳ ಮೇಲೆ. ಮಾಡದಕೆರೆಯಿಂದ ಬಸ್ಸಿನಲ್ಲಿ ಬಂದು ಆಲ್ಬಂ ಜೋಡಿಸುವ ಹುಡುಗಿ. ಸ್ಟುಡಿಯೋದ ಕೀಲಿ ಅವಳ ಹತ್ತಿರವೂ ಒಂದಿತ್ತು. ಕಾರಣ ಹೇಳದೆ ಮೊದಲು ಅದನ್ನು ಇಸಿದುಕೊಂಡರು. ಆಮೇಲೊಂದು ಮಧ್ಯಾಹ್ನ ನನ್ನನ್ನು ಸಾಕ್ಷಿಗೆ ಕೂರಿಸಿಕೊಂಡು ಕೇಳಿಯೇಬಿಟ್ಟರು.

"ಯಾರಿಗಮ್ಮ ಕಳಿಸ್ತಿದೀಯ ಫೋಟೋನ?"

ರಮ್ಯಾ ಪರದೆಯ ಮೂಲೆಯಲ್ಲಿದ್ದ ಒಂದು ಗುರುತನ್ನು ಒತ್ತಿ, ತಾನು ಹಾಕಿದ್ದ ಇನ್ನೊಂದು ಆ್ಯಪ್ ತೆರೆದು ತೋರಿಸಿದಳು. ಹೊಸ ಔಷಧಿ ಹುಡುಕುವವರು ತಮ್ಮ ದೊಡ್ಡ ಲೆಕ್ಕವನ್ನು ಚೂರು ಮಾಡಿ ಇಂಟರ್ನೆಟ್ಟಿನಲ್ಲಿ ಹಂಚುತ್ತಾರಂತೆ. ಈ ಆ್ಯಪ್ ಇರುವ ಕಂಪ್ಯೂಟರುಗಳು ಕೆಲಸವಿಲ್ಲದಾಗ ಅದನ್ನು ಬಿಡಿಸಿ ವಾಪಸ್ ಕಳಿಸುತ್ತವಂತೆ. ಫೋಟೋದ ತಂಟೆಗೇ ಹೋಗುವುದಿಲ್ಲವಂತೆ.

"ನಿಮ್ ಕೆಲ್ಸ ನಿಧಾನ ಆಗ್ಬಾರ್ದು ಅಂತ, ಆಲ್ಬಂ ಆ್ಯಪ್ ತೆಗೆದ ಕೂಡ್ಲೆ ಇದು ನಿಂತ್ಕಳ್ಳಂಗೆ ನಾನೇ ಮಾಡಿದ್ದೆ ಸರ್. ಕೇಳ್ದೆ ಹಾಕಿದ್ದು ತಪ್ಪು."

"ಒಂದ್ ಮಾತು ಹೇಳಾಕೇನಾಗಿತ್ತು?" ಎಂದು ಗದರಿದರೂ ಅವರ ದನಿ ಇಳಿದಿತ್ತು. ಅವರು ಕೇಳಿದ್ದು ತಪ್ಪಲ್ಲ. ಕೇಳಿದ ರೀತಿಗೆ ನನ್ನ ಮೈ ಉರಿಯಿತು.

ರಮ್ಯಾ ಆಗಲೇ ಅದನ್ನು ತೆಗೆದುಹಾಕಿದಳು. ಫ್ಯಾನ್ ತಣ್ಣಗಾಯಿತು. ಅವಳು ಚೀಲವನ್ನು ಹೆಗಲಿಗೆ ಹಾಕಿಕೊಂಡಳು.

"ಹೋಗ್ಲಿ ಬಿಡು, ನಾಳೆ ಬಾ" ಎಂದು ಚಿತ್ರಲಿಂಗಪ್ಪ ಕೀಲಿಯನ್ನು ಅವಳ ಮುಂದೆ ಹಿಡಿದರು. ಅವಳು ಮುಟ್ಟಲಿಲ್ಲ.

"ಯುಗಾದಿ ಟೈಮ್ನಾಗೆ ನಂದೂ ಫೋಟೋ ತೆಗೆದಿದ್ರಲ್ಲ ಸರ್, ಅದನ್ನ ಅಳಿಸ್ರಿ."

"ನಿಂಗಿನ್ನೂ ಗಂಡು ಗೊತ್ತಾಗಿಲ್ವಲ್ಲಮ್ಮ?"

"ಆಗಿಲ್ಲ. ಆದ್ರೂ ನನ್ನೆದ್ರಿಗೇ ಅಳಿಸ್ರಿ."

ಅವರು ಕುರ್ಚಿ ಎಳೆದುಕೊಂಡು ಕೂತರು. ಫೋಟೋ ಹೋಗುವವರೆಗೂ ರಮ್ಯಾ ಅವರ ಬೆನ್ನ ಹಿಂದೆಯೇ ನಿಂತಿದ್ದಳು. ಆಮೇಲೆ ಹೇಳಿದಳು:

"ರಿಸೈಕಲ್ ಬಿನ್ನೂ ತೆಗೆದು ತೋರಿಸ್ರಿ."