ಒಂದೇ ಅಳತೆಯ ಮನೆಗಳು

ಬೆಟಗೇರಿಯ ನೇಕಾರರ ಸೊಸೈಟಿಯ ಮನೆಗಳಿಗೆ ಅಡಿಗಲ್ಲು ಬಿದ್ದದ್ದು ಮುಂಬಯಿ ರಾಜ್ಯದಲ್ಲಿ, ಕೀಲಿಕೈ ಸಿಕ್ಕಿದ್ದು ಮೈಸೂರು ರಾಜ್ಯದಲ್ಲಿ. ನಡುವೆ ಏಕೀಕರಣವಾಗಿಹೋಗಿತ್ತು. ಮನೆಗಳು ಮಾತ್ರ ಇದ್ದಲ್ಲೇ ಇದ್ದವು.

ನಕಾಶೆ ಬರೆದವರು ಮಾರ್ತಾಂಡರಾಯರೆಂಬ ಎಂಜಿನಿಯರು, ಖಾದಿಯವರು, ಸಮಾಜವಾದಿ. ಎಲ್ಲ ಮನೆಗೂ ಒಂದೇ ಅಳತೆ. ಮುಂದೆ ಮಗ್ಗದ ಕೋಣೆ, ನೆಲದಲ್ಲಿ ಕಾಲು ಇಳಿಬಿಟ್ಟು ಕೂರುವ ಕುಣಿ, ಅದರ ಮೇಲೆ ಬೆಳಕು ಬೀಳುವಂತೆ ದೊಡ್ಡ ಕಿಟಕಿ, ಹಿಂದೆ ಅಡಿಗೆಮನೆ. "ಇನ್ನ ಮ್ಯಾಲೆ ದೊಡ್ಡ ಮನಿ, ಸಣ್ಣ ಮನಿ ಅನ್ನೂದ ಇಲ್ಲ" ಎಂದು ರಾಯರು ಭಾಷಣ ಮಾಡಿದರು. ಬಾಗಿಲಿಗೂ ಒಂದೇ ಹಸಿರು ಬಳಿಸಿದರು. ಹೀಗಾಗಿ ಮೊದಮೊದಲು ಗಂಡಸರು ಓಣಿಯಲ್ಲಿ ನಿಂತು ಮಕ್ಕಳ ಹೆಸರು ಕೂಗಿ, ಓಗೊಟ್ಟ ಬಾಗಿಲಿಗೆ ಹೋಗುತ್ತಿದ್ದರು. ಇಂದು ಆ ಸಾಲಿನಲ್ಲಿ ಎರಡು ಮನೆ ಒಂದೇ ಥರ ಇಲ್ಲ, ಆದರೆ ಕಿಟಕಿಗಳನ್ನು ಯಾರೂ ಮುಚ್ಚಿಲ್ಲ.

ವಿಧವೆ ಉಡಚವ್ವನಿಗೂ ಒಂದು ಮನೆ ಸಿಕ್ಕಿತು. ಅದಕ್ಕೆ ಮೊದಲು ಅವಳು ಗವಿಸಿದ್ದಪ್ಪ ಸಾವಕಾರನ ವಾಡೆಯ ಮೂಲೆಯಲ್ಲಿದ್ದು ಅವನ ನೂಲನ್ನೇ ನೇಯುತ್ತಿದ್ದಳು. ಸಾವಕಾರ ಒಳಗೆ ಬಂದರೆ ನೇಯುವವರು ಕುಣಿಯಿಂದ ಎದ್ದು ನಿಲ್ಲಬೇಕು, ಅದು ಅಲ್ಲಿಯ ರಿವಾಜು. ಒಮ್ಮೆ ಜ್ವರ ಬಂದು ಅವಳ ಮಗ್ಗ ನಿಂತಾಗ ಸಾವಕಾರ, "ಮನಿ ನಂದು, ಹೊರಗ ನಡಿ" ಎಂದು ಪಾತ್ರೆಪಗಡೆಯನ್ನೆಲ್ಲ ಬೀದಿಗೆ ಇಡಿಸಿದ್ದ. ಎಂದಾದರೂ ಒಂದು ದಿನ ತನ್ನ ಮನೆಯೊಳಗೆ ನಿಂತು ಅದೇ ಮಾತನ್ನು ಅವನಿಗೆ ಅನ್ನಬೇಕು ಎಂಬುದೊಂದೇ ಅವಳ ಆಸೆಯಾಯಿತು. ಇತ್ತ ಸಾವಕಾರ ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ವಾಡೆ ಕಳಕೊಂಡು, ಸೊಸೈಟಿಯ ಸದಸ್ಯನಾಗಿ, ಅವಳ ಪಕ್ಕದ ಮನೆಗೇ ಬಂದು ಬಿದ್ದ.

ಒಂದು ಸುಡು ಮಧ್ಯಾಹ್ನ ಸಾವಕಾರ ಗದಗಿನ ಪೇಟೆಯಿಂದ ಬಂದವನೇ ಉಡಚವ್ವನ ಮನೆ ಹೊಕ್ಕು ರುಮಾಲನ್ನು ಗೂಟಕ್ಕೆ ತೂಗುಹಾಕಿದ. ಗೂಟಗಳಲ್ಲೂ ರಾಯರು ಭೇದ ಮಾಡಿರಲಿಲ್ಲ.

"ಉಡಚೀ, ನನ್ನ ಮಗ್ಗಕ್ಕ ನೀ ಯಾಕ ಕುಂತಿ? ಏಳ!"

ಉಡಚವ್ವ ಎದ್ದು ನಿಂತಳು. ರಾಯರ ಭಾಷಣ ಅವಳ ಕಾಲಿನ ತನಕ ಇಳಿದಿರಲಿಲ್ಲ.

ತಾನು ನಿಂತಿದ್ದೇನೆಂದು ತಿಳಿದಾಗ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಇಷ್ಟು ವರ್ಷ ಕಾದಿಟ್ಟ ಮಾತು ನಾಲಿಗೆಯ ತುದಿಗೇ ಬಂದಿತ್ತು. ಎದುರಿಗೆ ನೋಡಿದರೆ, ಮುದುಕನ ಅಂಗಿ ಬೆವರಿಗೆ ಮೈಗಂಟಿಕೊಂಡಿತ್ತು, ತುಟಿ ಒಣಗಿತ್ತು. ಅವಳು ಮತ್ತೆ ಕುಣಿಯಲ್ಲಿ ಕಾಲು ಬಿಟ್ಟು ಕೂತಳು.

"ಸಾವ್ಕಾರ್ರ, ನಿಮ್ಮ ಮನಿ ಬಾಜೂಕ ಐತ್ರಿ. ಇದು ನಂದು. ಬಿಸಲಾಗ ಬಂದೀರಿ, ಕುಂಡ್ರಿ, ಚಾ ಕುಡದ ಹೋಗ್ರಿ."

ಸಾವಕಾರ ಗೋಡೆ ನೋಡಿದ. ಅಲ್ಲಿ ಅವನ ಮನೆದೇವರ ಪಟವಿರಲಿಲ್ಲ. ಬೇರೆ ದಾರಿ ಕಾಣದೆ ಚಾಪೆಯ ಮೇಲೆ ಕೂತ. ಮನೆಯಲ್ಲಿ ಸಕ್ಕರೆ ಇರಲಿಲ್ಲವಾದ್ದರಿಂದ ಉಡಚವ್ವ ಪಕ್ಕದ ಮನೆಗೆ ಹೋಗಿ ಅವನ ಹೆಂಡತಿಯ ಹತ್ತಿರವೇ ಕೈಗಡ ತಂದಳು. ಯಾರಿಗೆ ಚಹಾ ಎಂದು ಆಕೆ ಕೇಳಲಿಲ್ಲ, ಇವಳು ಹೇಳಲಿಲ್ಲ.

ಚಹಾ ಕೊಟ್ಟು ಅವಳು ಮತ್ತೆ ಕುಣಿಯಲ್ಲಿ ಕೂತಳು. ಸಾವಕಾರ ಕುಡಿದು ಎದ್ದ. ಹೊಸ್ತಿಲ ಹತ್ತಿರ ತುಸು ತಡೆದು, ಬಂದ ಬೀಗರು ಹೇಳುವಂತೆ, "ಬರ್ತೇನವಾ" ಎಂದ.

"ಹೂಂರಿ, ಹೋಗಿ ಬರ್ರಿ" ಎಂದಳು ಉಡಚವ್ವ.

ಅವಳ ಅಪ್ಪಣೆ ಕೇಳಿ ಹೊರಟವರಲ್ಲಿ ಈ ಭೂಮಿಯ ಮೇಲೆ ಅವನೇ ಮೊದಲಿಗ. ಅವನ ಬೆನ್ನು ಮರೆಯಾದ ಮೇಲೆ ಅವಳಿಗೆ ಅಳು ತಡೆಯಲಾಗಲಿಲ್ಲ. ಕೂತಲ್ಲಿಯೇ ಅತ್ತಳು, ಏಳಲಿಲ್ಲ.